ಕೋರದಲ್ಲಿ ಗಾಳಿ ಇಲ್ಲ

ಅವತ್ತು ಕೋರವೆಂಬ ಹಳ್ಳಿಯಲ್ಲಿ ಒಂದಿಷ್ಟು ಗಾಳಿ ಬೀಸಿದ್ದರೆ ಭಾನುಪ್ರಕಾಶನಿಗೆ ಆ ಗತಿ ಬರುತ್ತಿರಲಿಲ್ಲ. ಬೆಳಗಿನಿಂದ ಒಂದು ತೆಂಗಿನ ಗರಿಯೂ ಅಲುಗಿರಲಿಲ್ಲ. ಪಾಪ, ಅವನು ಅದಕ್ಕೆ ಖುಷಿಪಟ್ಟಿದ್ದ. ಡ್ರೋನ್ ಹಾರಿಸುವವನಿಗೆ ಗಾಳಿಯಿಲ್ಲದ ಸಂಜೆಯೆಂದರೆ ಹಬ್ಬ.

ಬಟವಾಡಿಯಲ್ಲಿ ಅವನದೊಂದು ಫೋಟೋ ಸ್ಟುಡಿಯೋ. ಹೆಂಡತಿ ವಾರಗಟ್ಟಲೆ ಮಾತು ಬಿಟ್ಟರೂ ಲೆಕ್ಕಿಸದೆ ತಂದಿದ್ದ ಡ್ರೋನು ಅದು. ಎತ್ತಬೇಕಾದರೆ ಎರಡೂ ಕೈ ಬೇಕು. ಹೊಟ್ಟೆಯಡಿ ಅಪ್ಪಟ ಸಿನಿಮಾ ಕ್ಯಾಮೆರಾ. ಅಂಥದ್ದನ್ನು ಇಟ್ಟುಕೊಂಡು ಅವನು ಇಲ್ಲಿಯವರೆಗೆ ಮಾಡಿದ್ದೇನು? ಕುಣಿಗಲ್ಲಿನ ಮದುವೆಯಲ್ಲಿ ಗಂಡುಹೆಣ್ಣಿನ ತಲೆಯ ಮೇಲೆ ಹೂವು ಉದುರಿಸಿದ್ದು. ಗುಬ್ಬಿಯಲ್ಲಿ ಒಂದು ನಾಮಕರಣಕ್ಕೆ ಹೋದರೆ ಮಗುವಿನ ಅಜ್ಜಿ, "ಆ ಸೊಳ್ಳೆ ಓಡಿಸ್ರಪ್ಪಾ, ಕೂಸು ನಿದ್ದೆಗೆಟ್ಟೈತೆ" ಅಂದಿದ್ದಳು. ಸೊಳ್ಳೆಯಂತೆ! ಕಲೆಯ ಗಂಧಗಾಳಿ ಇಲ್ಲದ ಜನ ಎಂದು ಭಾನುಪ್ರಕಾಶ ಒಳಗೊಳಗೇ ಕುದಿಯುತ್ತಿದ್ದ.

ಅಂತೂ ದೇವರು ಕಣ್ಣುಬಿಟ್ಟ. ಬೆಂಗಳೂರಿನ ಸಿನಿಮಾ ನಿರ್ದೇಶಕಿ ಅಕ್ಷತಾ ಈ ಕಡೆ ಲೊಕೇಶನ್ ನೋಡಲು ಬಂದಿದ್ದರು. "ಸಂಜೆ ವಾಪಸ್ ಹೋಗೋವಾಗ ಕೋರದಲ್ಲಿ ಕಾರ್ ನಿಲ್ಲಿಸ್ತೀನಿ. ಸೂರ್ಯ ಮುಳುಗೋದು ಒಂದು ಶಾಟ್ ತೆಗೆದು ತೋರಿಸಿ. ಹಿಡಿಸಿದ್ರೆ ನಮ್ಮ ಪಿಕ್ಚರ್‌ಗೆ ನಿಮ್ಮನ್ನೇ ಕರೀತೀನಿ" ಎಂದು ಫೋನಿನಲ್ಲಿ ಹೇಳಿದ್ದರು. ಅಂದರೆ ಹೂವು ಉದುರಿಸುವ ಕರ್ಮ ಅವತ್ತಿಗೆ ಮುಗಿಯಬೇಕು.

ಶಾಟ್ ಅವನ ತಲೆಯಲ್ಲಿ ಸಿದ್ಧವಾಗಿತ್ತು. ರಸ್ತೆಬದಿಯ ರಾಗಿ ಕಣಗಳ ಮೇಲೆ ನೆಲ ಸವರಿದಂತೆ ಬಂದು, ತೆಂಗಿನ ತೋಟದ ತಲೆಯ ಮೇಲೆದ್ದು, ಎದುರಿಗೆ ಕೆಂಪು ಸೂರ್ಯ. ಹೊತ್ತಿರುವಾಗಲೇ ಒಮ್ಮೆ ಹಾರಿಸಿ ನೋಡೋಣವೆಂದು ಡ್ರೋನ್ ಎಬ್ಬಿಸಿದ. ಅದು ಮೊದಲು ಹಾದದ್ದು ಓಬಳಮ್ಮನ ಕಣದ ಮೇಲೆ.

ಓಬಳಮ್ಮ ರಾಗಿ ತೂರಲು ಬೆಳಗಿನಿಂದ ಗಾಳಿಗೆ ಕಾದು ಸಾಕಾಗಿ, ಮೊರದಲ್ಲೇ ಕೇರಿ ಕೇರಿ ಒಂದು ರಾಶಿ ಹಸನು ಮಾಡಿಟ್ಟಿದ್ದಳು. ಡ್ರೋನು ಹಾದದ್ದೇ ತಡ, ಆಚೆ ಗುಡ್ಡೆ ಹಾಕಿದ್ದ ಹೊಟ್ಟೆಲ್ಲ ಎದ್ದು ಬಂದು ಆ ರಾಶಿಯ ಮೇಲೆ ಕೂತಿತು. ಮಿಕ್ಕಿದ್ದು ಓಬಳಮ್ಮನ ತಲೆಯ ಮೇಲೆ.

"ಯಾವನ್ಲಾ ಅವ್ನು! ನಿನ್ ಹದ್ದಿನ ರೆಕ್ಕೆ ಮುರ್ದೋಗ!"

"ಅಮ್ಮಾ, ಅದು ಹದ್ದಲ್ಲ. ಸಿನಿಮಾ ಕ್ಯಾಮೆರಾ."

"ಸಿನ್ಮಾದ್ದೋ ಸರ್ಕಸ್ಸಿಂದೋ, ನನ್ ರಾಗಿ ಮೊದ್ಲು ಹೆಂಗಿತ್ತೋ ಹಂಗೆ ಮಾಡ್ಕೊಡು!"

ಜನ ಸೇರಿದರು. ಪಂಚಾಯ್ತಿ ಮೆಂಬರ್ ಪುಟ್ಟರಂಗಯ್ಯ ಬಂದವನೇ ಭಾನುಪ್ರಕಾಶನ ಬ್ಯಾಟರಿ ಪೆಟ್ಟಿಗೆಯ ಮೇಲೆ ಕೂತು, "ಪರ್ಮಿಷನ್ ಐತಾ?" ಎಂದ. ಭಾನುಪ್ರಕಾಶ ಹೆಮ್ಮೆಯಿಂದ ಮೊಬೈಲಿನಲ್ಲಿ ಲೈಸೆನ್ಸು, ಅನುಮತಿ ಎಲ್ಲ ತೋರಿಸಿದ. ಪುಟ್ಟರಂಗಯ್ಯ ನಿಧಾನವಾಗಿ ನೋಡಿ, "ಇದು ಮ್ಯಾಲೆ ಹಾರಕ್ಕೆ ಕೊಟ್ಟಿರೋದು. ಹೊಟ್ಟು ಹಾರ್ಸಕ್ಕೆ ಎಲ್ಲೈತೆ?" ಎಂದ.

ಭಾನುಪ್ರಕಾಶನಿಗೆ ಮೈಯೆಲ್ಲ ಉರಿಯಿತು. ಅಷ್ಟರಲ್ಲಿ ಪುಟ್ಟರಂಗಯ್ಯನೇ ತೀರ್ಪು ಕೊಟ್ಟ. "ಕೆಡ್ಸಿದ್ದು ಗಾಳಿ ತಾನೆ? ಅದೇ ಗಾಳೀಲಿ ಸರಿ ಮಾಡ್ಲಿ. ಅಲ್ಲೀಗಂಟ ಸ್ಕೂಟ್ರು ಕೀ ನನ್ ತಾವ ಇರ್ಲಿ."

"ರೀ ಸ್ವಾಮಿ, ಇದು ರಾಗಿ ತೂರೋ ಫ್ಯಾನಲ್ಲ! ಲೆನ್ಸಿಗೆ ಒಂದು ಚೂರು ಧೂಳು ಬೀಳಂಗಿಲ್ಲ!"

"ಅಷ್ಟೇನಾ, ಬುಡು" ಎಂದಳು ಓಬಳಮ್ಮ. ಸೊಂಟದಲ್ಲಿದ್ದ ಹಳೇ ಟವೆಲ್ಲು ಹರಿದು, ನೆಲಕ್ಕಿಳಿದಿದ್ದ ಡ್ರೋನಿನ ಕ್ಯಾಮೆರಾ ಕಣ್ಣಿಗೆ ಬಿಗಿಯಾಗಿ ಕಟ್ಟಿಬಿಟ್ಟಳು.

ಭಾನುಪ್ರಕಾಶ ಹಲ್ಲು ಕಚ್ಚಿಕೊಂಡು, ಎಲ್ಲರನ್ನೂ ದೂರ ನಿಲ್ಲಿಸಿ, ಡ್ರೋನನ್ನು ಕಣದ ಒಂದು ಮಗ್ಗುಲಲ್ಲಿ ತಗ್ಗಾಗಿ ನಿಲ್ಲಿಸಿದ. ಓಬಳಮ್ಮ ಸ್ಟೂಲು ಹತ್ತಿ ಮೊರ ಎತ್ತಿ ಸುರಿದಳು. ಹೊಟ್ಟು ಹಾರಿ ಅಷ್ಟು ದೂರ ಹೋಯಿತು, ರಾಗಿ ಕಾಲಬುಡಕ್ಕೇ ಬಿತ್ತು. ಮೂಡಲ ಗಾಳಿಗೂ ಅಷ್ಟು ನಿಯತ್ತಿರಲಿಲ್ಲ. ಕಣದ ಸುತ್ತ ನಿಂತವರೆಲ್ಲ ಶಿಳ್ಳೆ ಹೊಡೆದರು.

ಅಲ್ಲಿಗೆ ಮುಗಿಯಿತೇ? ಪಕ್ಕದ ಕಣದವರು ಬಂದರು, ಅವರ ಪಕ್ಕದವರು ಬಂದರು. ಭಾನುಪ್ರಕಾಶ ಬ್ಯಾಟರಿ ಬದಲಾಯಿಸಿ ಬದಲಾಯಿಸಿ ಸೋತ. ಪ್ರತಿ ಸಲವೂ ಪುಟ್ಟರಂಗಯ್ಯ ಪೆಟ್ಟಿಗೆಯಿಂದ ಅರ್ಧ ಎದ್ದು ಮತ್ತೆ ಕೂರುತ್ತಿದ್ದ. ಸೂರ್ಯ ನೋಡನೋಡುತ್ತಲೇ ತೆಂಗಿನ ಮರದ ಎತ್ತರಕ್ಕೆ ಇಳಿದ.

"ಇದು ಕೊನೇ ಬ್ಯಾಟರಿ! ಸೂರ್ಯನಿಗೆ ಅಂತ ಇಟ್ಕೊಂಡಿರೋದು. ನನ್ನ ಜೀವನದ ಪ್ರಶ್ನೆ ಕಣ್ರೀ!" ಭಾನುಪ್ರಕಾಶ ಕೂಗಿದ.

"ಸೂರ್ಯ ನಾಳೀಕೂ ಬತ್ತಾನೆ. ಗಾಳಿ ಬತ್ತದಾ?" ಓಬಳಮ್ಮ ಮೊರ ತುಂಬಿಕೊಂಡಳು. "ಇನ್ನೊಂದೇ ಮೂಟೆ ಕಣೋ, ಹಾಕು."

ಸ್ಕೂಟರಿನ ಕೀ ಮೆಂಬರಿನ ಜೇಬಿನಲ್ಲಿತ್ತು. ಹಾಕಿದ.

ಆಗಲೇ ಅಕ್ಷತಾ ಅವರ ಕಾರು ಬಂದು ನಿಂತಿತು. ಅವರು ಇಳಿದವರು ಹಾಗೇ ನಿಂತುಬಿಟ್ಟರು. ಇಳಿಬಿಸಿಲಿಗೆ ಹೊಟ್ಟಿನ ಧೂಳೆಲ್ಲ ಬಂಗಾರದ ಬಣ್ಣಕ್ಕೆ ತಿರುಗಿತ್ತು. ಅದರ ನಡುವೆ ಓಬಳಮ್ಮ ಮೊರ ಎತ್ತಿ ನಿಂತಿದ್ದಳು, ಸೆರಗು ಪಟಪಟನೆ ಹಾರುತ್ತಿತ್ತು, ನರೆಗೂದಲು ಮುಖದ ಸುತ್ತ ಅಲೆಯಾಡುತ್ತಿತ್ತು.

"ಅದ್ಭುತ!" ಎಂದರು ಅಕ್ಷತಾ. "ನಾನು ಹುಡುಕ್ತಿದ್ದದ್ದು ಇದೇ ಕಣ್ರೀ ಭಾನುಪ್ರಕಾಶ್!"

ಭಾನುಪ್ರಕಾಶನ ಕಣ್ಣಲ್ಲಿ ನೀರು ಬಂತು. ಎಲ್ಲರ ಎದುರಿಗೆ ಅವನ ಬೆಲೆ ಗೊತ್ತಾಗಿತ್ತು. "ಒಂದೇ ನಿಮಿಷ ಮೇಡಂ, ಕ್ಯಾಮೆರಾ ಕಟ್ಟು ಬಿಚ್ಚಿ ತೆಗೆದೇ ಬಿಡ್ತೀನಿ!"

"ಕ್ಯಾಮೆರಾ ಯಾಕೆ? ಡ್ರೋನ್ ಶಾಟ್ ತೆಗೆಯೋರು ಬೀದಿಗೊಬ್ರಿದಾರೆ. ನಮ್ಮ ಹೀರೋಯಿನ್ ಸೆರಗು, ಕೂದಲು ಹಾರ್ಸಕ್ಕೆ ಎಷ್ಟು ಫ್ಯಾನ್ ತರಿಸಿದ್ರೂ ಇಷ್ಟು ಚೆನ್ನಾಗಿ ಬಂದಿಲ್ಲ. ಗಾಳಿ ಕೊಡೋರು ಅಂದ್ರೆ ನೀವು! ನಾಳೆಯಿಂದಲೇ ಬಂದ್ಬಿಡಿ. ಆ ಕ್ಯಾಮೆರಾ ಬಿಚ್ಚಿ ಮನೇಲಿಟ್ಟು ಬನ್ನಿ, ಭಾರ ಕಮ್ಮಿಯಾಗುತ್ತೆ."

ಭಾನುಪ್ರಕಾಶ ಬಾಯಿ ತೆರೆದ. ಅವನಿಗಿಂತ ಮೊದಲು ಸ್ಟೂಲಿನ ಮೇಲಿಂದ ಓಬಳಮ್ಮನ ದನಿ ಬಂತು.

"ನಾಳೀಕಾ? ನಾಳೀಕೆ ಎಲ್ಲೂ ಕಳ್ಸಕಾಗಕಿಲ್ಲ ಕಣವ್ವ. ನಾಳೀಕೆ ಪುಟ್ಟರಂಗಯ್ಯನ ಕಣ, ನಾಡಿದ್ದು ನನ್ ತವರುಮನೆ ಕಣ. ಆಮ್ಯಾಕೆ ನಿನ್ ಸಿನ್ಮಾ."

"ಅಯ್ಯೋ, ನಾಡಿದ್ದು ಹೀರೋಯಿನ್ ಡೇಟ್ ಇದೆ ಅಮ್ಮಾ!" ಅಕ್ಷತಾ ಕಣದೊಳಕ್ಕೇ ಬಂದರು. ಪುಟ್ಟರಂಗಯ್ಯ ಪೆಟ್ಟಿಗೆಯ ಮೇಲಿಂದ ಎದ್ದು ಇಬ್ಬರ ನಡುವೆ ರಾಜಿಗೆ ನಿಂತ. ಮಾತು ಜೋರಾಯಿತು. ಆಚೆ ತೋಟದ ಹಿಂದೆ ಸೂರ್ಯ ಕೆಂಡದಂತೆ ಹೊಳೆದು, ಯಾರೂ ನೋಡದೆ ಮುಳುಗಿದ.

"ನನ್ನನ್ನೂ ಒಂದು ಮಾತು ಕೇಳ್ರೀ! ಡ್ರೋನ್ ನಂದು!" ಭಾನುಪ್ರಕಾಶ ಗಂಟಲು ಹರಿಯುವಂತೆ ಕೂಗಿದ.

ಮೂವರೂ ಒಟ್ಟಿಗೆ ಅವನ ಕಡೆ ತಿರುಗಿದರು.

"ನಿಂಗ್ಯಾಕ್ಲಾ ದೊಡ್ಡೋರ ಮಾತು?" ಎಂದಳು ಓಬಳಮ್ಮ. "ಸುಮ್ಕೆ ಗಾಳಿ ಬುಡು, ಮೊರ ಕೈಯಾಗೇ ನಿಂತೈತೆ."