ಡಿಸ್ಕಿಗೆ ಬದು ಹಾಕಿದ್ದು

ಕಂಪ್ಯೂಟರ್ ಮುಂದೆ ಮನುಷ್ಯ ಕೂತನೆಂದರೆ ಒಂದಿಲ್ಲೊಂದು ನಗೆಪಾಟಲು ತಪ್ಪಿದ್ದಲ್ಲ. ಸಿಂದಗಿಯಲ್ಲಿ ಕಂಪ್ಯೂಟರ್ ಕಲಿಸುವ ಮಾಸ್ತರನಾದ ನನಗಂತೂ ದಿನಾ ಹಬ್ಬ. ಹೊಸ ಆಪರೇಟಿಂಗ್ ಸಿಸ್ಟಮ್ ಹಾಕುವಾಗ ಡಿಸ್ಕಿನಲ್ಲಿ ಅದಕ್ಕೊಂದು ಪಾಲು, ನಮ್ಮ ಫೈಲು-ಫೋಟೋಗಳಿಗೊಂದು ಪಾಲು ಮಾಡಬೇಕು. ಆ ಪರದೆ ತಿಳಿಯದೆ ಏನೋ ಒತ್ತಿ, ಮದುವೆ ಫೋಟೋ ಕಳೆದುಕೊಂಡು ಅತ್ತವರನ್ನು ನೋಡಿ ನೋಡಿ ನನಗೆ ಸಿಟ್ಟೇ ಬಂದಿತ್ತು. ಆ ಪರದೆಗೆ ಯಾರಿಗಾದರೂ ತಿಳಿಯುವಂಥ ಚಿತ್ರ ಮಾಡಿಬಿಡುತ್ತೇನೆಂದು ಹೊರಟೆ. ಅದರ ಪ್ರೋಗ್ರಾಂ ಬರೆಯುವ ನನ್ನ ಗೆಳೆಯನದು ಒಂದೇ ಷರತ್ತು: ಬಳಸುವವರು ನಿನ್ನನ್ನು ಒಂದೂ ಪ್ರಶ್ನೆ ಕೇಳದೆ ಮುಗಿಸಿದರೆ ನಿನ್ನ ಚಿತ್ರ, ಇಲ್ಲದಿದ್ದರೆ ಹಳೆಯ ಪರದೆಯೇ ಗತಿ.

೧. ಇಂಡಿಯ ಚೀಲಗಳು

ಮೊದಲು ಪಾಲಿಗೊಂದರಂತೆ ಚೀಲಗಳ ಚಿತ್ರ ಬರೆದೆ. ಇಂಡಿ ಊರಿನ ಲಿಂಬೆ ವ್ಯಾಪಾರಿಯೊಬ್ಬರು ಏನೂ ಕೇಳದೆ ಕೆಲಸಕ್ಕಿಳಿದರು. ನನಗೋ ಕುಣಿಯುವಷ್ಟು ಖುಷಿ. ದಪ್ಪ ಕಾಯಿ, ಸಣ್ಣ ಕಾಯಿ, ಹಣ್ಣು ಎಂದು ಆರಿಸಿ ಪಳಗಿದ ಕೈ ಅವರದು. ಒಂದು ಕೊಳೆತರೆ ಚೀಲವೆಲ್ಲ ಕೆಡುತ್ತದೆಂಬ ಭಯ ಬೇರೆ. ಡಿಸ್ಕನ್ನು ಚೂರು ಚೂರು ಮಾಡುತ್ತಲೇ ಹೋದರು. ಕೊನೆಗೆ ಸಿಸ್ಟಮ್ ಹಿಡಿಸುವಂಥ ಒಂದು ಚೀಲವೂ ಉಳಿಯಲಿಲ್ಲ. ಅದನ್ನು ಹೇಳಿದರೆ ಅವರು ತಣ್ಣಗೆ ಅಂದರು:

"ನಾ ಆರಿಸಿದ್ದು ಬರೋಬ್ಬರಿ ಐತ್ರಿ. ನಿಮ್ಮ ಮಾಲೇ ಭಾಳ ದಪ್ಪ ಐತಿ."

೨. ಮುದ್ದೇಬಿಹಾಳದ ಅಡುಗೆಮನೆ

ಚೀಲ ಬಿಟ್ಟು ಮನೆಯ ಚಿತ್ರ ಬರೆದೆ. ಸಿಸ್ಟಮ್‌ಗೆ ಅಡುಗೆಮನೆ, ಫೋಟೋಗಳಿಗೆ ಪಡಸಾಲೆ. ಈ ಸಲ ಗೆದ್ದೆನೆಂದು ಬಸ್ಸಿನುದ್ದಕ್ಕೂ ಒಬ್ಬನೇ ನಗುತ್ತಿದ್ದೆ. ಮುದ್ದೇಬಿಹಾಳದ ನಿವೃತ್ತ ಶಿಕ್ಷಕರೊಬ್ಬರು ಕನ್ನಡಕ ಏರಿಸಿ ನೋಡಿದವರೇ, ಇದರಲ್ಲಿ ಪೂರ್ವ ಯಾವ ಕಡೆ ಎಂದರು. ಷರತ್ತು ಅಲ್ಲಿಗೇ ಮುರಿಯಿತು. ಅಡುಗೆಮನೆ ಆಗ್ನೇಯಕ್ಕೆ ಬರುವವರೆಗೆ ಅವರೇ ಲ್ಯಾಪ್‌ಟಾಪನ್ನು ಮೇಜಿನ ಮೇಲೆ ತಿರುಗಿಸಿದರು. ಪರದೆ ಗೋಡೆಗೆ ಮುಖ ಮಾಡಿತು.

"ಈಗ ಸರಿ ಆತು ನೋಡ್ರಿ. ನಾ ಇಲ್ಲೇ ಕೂಡ್ತೀನಿ, ನೀವು ಗೋಡಿ ಕಡೆ ನಿಂತು ಒತ್ರಿ."

೩. ಬಸವನ ಬಾಗೇವಾಡಿಯ ಬದು

ಕೊನೆಯ ಪ್ರಯತ್ನ, ಹೊಲದ ಚಿತ್ರ. ಫೈಲುಗಳಿದ್ದಷ್ಟು ಜಾಗದಲ್ಲಿ ಹಸಿರು ಬೆಳೆ, ಖಾಲಿ ಇದ್ದಲ್ಲಿ ಬೀಳು, ನಡುವೆ ಎಳೆದರೆ ಸರಿಯುವ ಬದು. ಬಾಗೇವಾಡಿ ಹತ್ತಿರ ಒಟ್ಟಿಗಿರುವ ಅಣ್ಣ-ತಮ್ಮಂದಿರ ಮನೆಗೆ ಹೋದೆ. ಇಲ್ಲೂ ಸೋತರೆ ಮತ್ತೆ ಅಳುವವರ ಸಾಲು ನನ್ನ ಬಾಗಿಲಿಗೆ.

ಅಣ್ಣ ಬದುವಿನ ಮೇಲೆ ಮೌಸ್ ಇಟ್ಟವನು ಕೈ ಹಿಂದಕ್ಕೆ ತೆಗೆದು, ಎದ್ದು ಹೊರಗೆ ನಡೆದ. ಇಲ್ಲೂ ಕೆಟ್ಟಿತೆಂದು ನಾನೂ ಹಿಂದೆಯೇ ಹೋದೆ. ನೋಡಿದರೆ ಅವನು ತಮ್ಮನನ್ನು ಕರೆತರಲು ಹೋಗಿದ್ದ. ಡಿಸ್ಕಿನಲ್ಲಿದ್ದ ಫೋಟೋಗಳೆಲ್ಲ ತಮ್ಮನವು. ಬದು ಸರಿಸುವಾಗ ಬಾಜೂ ಹೊಲದವನು ಎದುರಿಗೆ ನಿಂತಿರಬೇಕೆಂಬುದು ಅವರ ಪದ್ಧತಿ. ಅಣ್ಣ ಎಳೆಯುತ್ತ ಹೋದ. ತಮ್ಮ ಪರದೆಗೆ ಬೆರಳಿಟ್ಟ.

"ಅಣ್ಣಾ, ಸಾಕು. ಮುಂದ ನನ್ನ ಬೆಳಿ ಐತಿ."

ಅಯ್ಯೋ, ನನಗಾದ ಆನಂದ! ಇಬ್ಬರಿಗೂ ಪೂರ್ತಿ ತಿಳಿದಿತ್ತು. ಕೂತಲ್ಲಿ ಕೂರಲಾರದೆ ಎದ್ದು ನಿಂತೆ. ಉಳಿದದ್ದು ಕೊನೆಯ ಗುಂಡಿ ಮಾತ್ರ. ಅದರ ಮೇಲೆ ಬಾಣದ ಗುರುತು ಇಟ್ಟು, ಅಣ್ಣ ನನ್ನ ಕಡೆ ತಿರುಗಿದ.

"ಸರ, ಒಂದ್ ಮಾತ ಕೇಳ್ಲೇನ್ರಿ?"

ಮುಗಿಯಿತು, ಎಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು ಎಂದುಕೊಂಡೆ. ಕೇಳು ಎಂದು ತಲೆಯಾಡಿಸಿದೆ.

"ಚಾಕ್ಕ ಸಕ್ರಿ ಎಷ್ಟ್ ಹಾಕಸ್ಲಿ?"

ಸಕ್ಕರೆ ಕಾಯಿಲೆಯವನು ನಾನು. ಆದರೂ "ಇಡೀ ಡಬ್ಬೀನ ಬೋರಲ ಹಾಕಸ್ರಿ" ಎಂದುಬಿಟ್ಟೆ.