ಹಿಂದಕ್ಕೆ ನಡೆದ ಮುನೀಮ

ಮಾನ್ವಿಯ ಅಕ್ಕಿ ಗಿರಣಿಯ ಮುನೀಮ ಮಹಾಂತಯ್ಯನ ಸೊಂಟ ಹಿಡಿದದ್ದು ಕೆಲಸ ಮಾಡಿ ಅಲ್ಲ, ಜಂಭ ಮಾಡಿ. ಹಮಾಲರಿಬ್ಬರು ಭತ್ತದ ಚೀಲ ಎತ್ತಲು ಏದುಸಿರು ಬಿಡುತ್ತಿದ್ದಾಗ, "ಸರೀರಲೇ, ನಿಮ್ಮಂಗ ಗಂಜಿ ಕುಡದು ಬೆಳದಾಂವಲ್ಲ ನಾ" ಎಂದು ಧೋತರ ಎತ್ತಿ ಕಟ್ಟಿ ತಾನೇ ಕೈ ಹಾಕಿದ. ಚೀಲ ಇದ್ದಲ್ಲೇ ಇತ್ತು. ಬಗ್ಗಿದ ಮಹಾಂತಯ್ಯ ಮಾತ್ರ ಏಳಲಿಲ್ಲ. ಹಮಾಲರು ಚೀಲ ಬಿಟ್ಟು ಅವನನ್ನೇ ಹೊತ್ತು ಮನೆ ಮುಟ್ಟಿಸಿದರು.

ಅಂದಿನಿಂದ ಅವನು ಗಿರಣಿಯ ಗಾದಿಯ ಮೇಲೆ ಬಲಕ್ಕೆ ವಾಲಿ ಕೂರತೊಡಗಿದ. ಗಿರಣಿಯ ಸಾವ್ಕಾರ ಶರಣಯ್ಯ ಒಂದು ವಾರ ನೋಡಿದ, ಆಮೇಲೆ ಕರೆದ.

"ಮಾಂತಯ್ಯ, ನೀ ಹಿಂಗ ವಾಲಿ ಕುಂತ್ರ ರೈತರು ನಮ್ಮ ತಕ್ಕಡೀನೂ ವಾಲೇದ ಅಂತಾರ. ಸ್ವಾಮಾರ ಹತ್ತು ಗಂಟೆಕ್ಕ ನೆಟ್ಟಗ ಬಂದು ಕುಂದ್ರು. ಇಲ್ಲಾಂದ್ರ ನನ್ನ ಹೇಣ್ತಿ ತಮ್ಮ ಅಮರಯ್ಯ ಖಾಲಿ ಅದಾನ."

ಅಮರಯ್ಯ ಹುಟ್ಟಿದಾಗಿನಿಂದಲೂ ಖಾಲಿಯೇ ಇದ್ದ. ಇನ್ನು ತಕ್ಕಡಿ ನಿಜವಾಗಿಯೂ ವಾಲಿತ್ತು. ವಾಲಿಸಿ ಬರೆಯುವುದೇ ಮಹಾಂತಯ್ಯನ ವಿದ್ಯೆ. ಆ ಗಾದಿಯೊಂದು ಹೋದರೆ ಊರಲ್ಲಿ ಅವನನ್ನು 'ಮುನೀಮರೇ' ಎನ್ನುವವರಿಲ್ಲ, ಮನೆಯಲ್ಲಿ ಒಲೆ ಉರಿಯುವುದಿಲ್ಲ. ಪಾಪ, ಬೇರೆ ಏನೂ ಅವನಿಗೆ ಬರುತ್ತಿರಲಿಲ್ಲ.

ಓಣಿಯ ಮಂದಿಗೆ ಇನ್ನೊಬ್ಬರ ನೋವೆಂದರೆ ಹಬ್ಬ. ಎದುರು ಮನೆಯ ಮುನವ್ವರ್ ಬೀ ಎಣ್ಣೆ ಕಾಯಿಸಿ ಕೊಟ್ಟಳು. ಹುಟ್ಟುವಾಗ ಕಾಲು ಮುಂದಾಗಿ ಬಂದವರು ಒದ್ದರೆ ಹಿಡಿದ ಸೊಂಟ ಬಿಡುತ್ತದೆ ಎಂಬುದು ಆ ಕಡೆ ಮಕ್ಕಳಿಗೂ ಗೊತ್ತು. ಹಿಂದಿನ ಓಣಿಯ ನೀಲಗಂಗಮ್ಮ ಹಾಗೆ ಹುಟ್ಟಿದವಳು. ಅವಳನ್ನು ಕರೆಸಿದರು, ಒದ್ದಳು. ಗಿರಣಿಯ ವಾಲಿದ ತಕ್ಕಡಿಯಲ್ಲಿ ಭತ್ತ ತೂಗಿಸಿದ ಹಳೆಯ ಸಿಟ್ಟೂ ಆ ಒದೆಯಲ್ಲಿ ಸೇರಿತ್ತೋ ಏನೋ, ಬಲಕ್ಕೆ ವಾಲಿದ್ದ ಮಹಾಂತಯ್ಯ ಮುಂದಕ್ಕೂ ಬಾಗಿದ.

ಭಾನುವಾರ ಸಂಜೆ ಪಕ್ಕದ ಮನೆಯ ಗುಲಾಮ್ ದಸ್ತಗೀರ್ ಬಂದ. ಹಿಂದೊಮ್ಮೆ ಮುಂಬಯಿಯ ಹಡಗಿನಲ್ಲಿ ಅಡಿಗೆಯವನಾಗಿ ಹಾಂಕಾಂಗ್ ತನಕ ಹೋಗಿ ಬಂದವನು. ಬಂದರಿನಲ್ಲಿ ಎರಡು ದಿನ ಈರುಳ್ಳಿ ಹೆಚ್ಚುತ್ತ ದಡ ನೋಡಿದ್ದೇ ಅವನ ಬಂಡವಾಳ. ಅಷ್ಟಕ್ಕೇ ಮಾನ್ವಿಯಲ್ಲಿ ಚೀನಾ ದೇಶದ ಪಂಡಿತನಾಗಿಬಿಟ್ಟಿದ್ದ.

"ಮುನೀಮಸಾಬ್, ಅಲ್ಲಿ ಮಂದಿ ದವಾಖಾನಿಗೆ ಹೋಗಂಗಿಲ್ರಿ. ತಮ್ಮ ಮೈ ತಾವ ದುರಸ್ತಿ ಮಾಡ್ಕೋತಾರ. ನಸುಕಿನಾಗ ಎದ್ದು ಬಿಸಿ ನೀರು ಕುಡೀತಾರ, ಶುಂಠಿ ಹಾಕಿದ ಬಿಸಿ ನೀರಾಗ ಕಾಲು ಇಡ್ತಾರ, ಮುಷ್ಟಿ ಕಟ್ಟಿ ಸೊಂಟ ಬಡಕೋತಾರ. ಆಮ್ಯಾಲ ಹಿಂದಕ್ಕ ನಡೀತಾರ. ಎಂಬತ್ತು ವರ್ಷದ ಮುದುಕರು ಬಿದಿರಿನ ಗಳದಂಗ ನೆಟ್ಟಗ ಅದಾರ!"

"ಹಿಂದಕ್ಕ ಅಂದ್ರ?"

"ಉಲ್ಟಾ ರೀ. ಮುಂದಕ್ಕ ನಡದು ಕೆಟ್ಟ ಸೊಂಟ ಹಿಂದಕ್ಕ ನಡದ್ರ ಸರಿ ಹೋಗ್ತದ. ಸೀದಾ ಹಿಸಾಬ್ ಅಲ್ಲೇನ್ರಿ?"

ಹಿಸಾಬ್ ಎಂದ ಕೂಡಲೇ ಮುನೀಮನಿಗೆ ನಂಬಿಕೆ ಬಂತು. ಜಮಾ ಖರ್ಚು ತಾಳೆಯಾದರೆ ಸಾಕು, ಸರಕು ಗೋದಾಮಿನಲ್ಲಿದೆಯೋ ಇಲ್ಲವೋ ಎಂದು ಅವನು ಎಂದೂ ನೋಡಿದವನಲ್ಲ.

ಸೋಮವಾರ ನಸುಕಿನಲ್ಲೇ ದುರಸ್ತಿ ಶುರುವಾಯಿತು. ಬಿಸಿ ನೀರು ಕುಡಿದು ನಾಲಗೆ ಸುಟ್ಟುಕೊಂಡ. ಶುಂಠಿ ನೀರಿನಲ್ಲಿಟ್ಟ ಕಾಲು ಊದಿ ಚಪ್ಪಲಿಗೆ ಸೇರದಾಯಿತು. ಬೋಗುಣಿ ಮಗುಚಿ ಧೋತರ ನೆನೆಯಿತು. ಸೋಮವಾರವೆಂದು ಹಣೆಗೆ ವಿಭೂತಿ ಬಳಿದುಕೊಂಡು, ಬರಿಗಾಲಲ್ಲಿ, ಒದ್ದೆ ಧೋತರದಲ್ಲಿ, ಸೊಂಟ ಗುದ್ದಿಕೊಳ್ಳುತ್ತ ಮನೆಯಿಂದ ಹಿಂದು ಹಿಂದಕ್ಕೆ ಹೊರಟ.

ಹಾಲು ಹಾಕಲು ಬಂದ ಆದೆಮ್ಮ ಚರಿಗೆ ಹಿಡಿದಲ್ಲೇ ನಿಂತಳು.

"ಯವ್ವಾ, ಮುನೀಮರು ಯಾಕ ಹಿಂಗ ಹೊಂಟಾರ?"

ಮುನೀಮನ ಹೆಂಡತಿ ಅಂಬಮ್ಮ ಮಾನಕ್ಕೆ ಅಂಜುವವಳು. ಗಂಡ ಚೀನಾದವರ ಹಾಗೆ ನಡೆಯುತ್ತಿದ್ದಾನೆ ಎನ್ನುವುದಕ್ಕಿಂತ ಬಾವಿ ಬೀಳುವುದು ಮೇಲೆಂದು ಅವಳಿಗೆ ಅನಿಸಿತು. "ಹರಕಿ ಅದ ಬೇ" ಎಂದುಬಿಟ್ಟಳು. "ಬೂದಿಗುಡ್ಡದ ತಾತಗ."

ಬೂದಿಗುಡ್ಡದ ತಾತನ ಗದ್ದುಗೆ ಊರಿಂದ ಒಂದು ಹರದಾರಿ ದೂರ. ಮನೆ ಬಾಗಿಲಿಂದ ಅಲ್ಲಿಯವರೆಗೆ ಮುಖ ತಿರುಗಿಸದೆ ಹಿಂದಕ್ಕೆ ನಡೆದು ಹೋಗುವುದು ಹಳೆಯ ಕಾಲದ ಕಠಿಣ ಹರಕೆ. ಅಜ್ಜಂದಿರ ಬಾಯಲ್ಲಿ ಕೇಳಿದ್ದರೇ ಹೊರತು ಯಾರೂ ಕಣ್ಣಾರೆ ಕಂಡಿರಲಿಲ್ಲ. ಆದೆಮ್ಮ ಆ ದಿನ ಎಷ್ಟು ಮನೆಗೆ ಹಾಲು ಹಾಕಿದಳೋ ಅಷ್ಟೂ ಮನೆಗೆ ಸುದ್ದಿಯನ್ನೂ ಹಾಕಿದಳು.

ಮಹಾಂತಯ್ಯ ಊರ ಅಗಸೆಬಾಗಿಲು ದಾಟುವಷ್ಟರಲ್ಲಿ ಎದುರಿಗೆ ಮಂದಿಯ ಗುಂಪು ಕಂಡಿತು. ಹಿಂದಕ್ಕೆ ನಡೆಯುವವನಿಗೆ ಬೆನ್ನು ಹತ್ತಿದವರೇ ಎದುರಿಗೆ ಕಾಣುತ್ತಾರೆ, ಅದೊಂದು ಹಿಂಸೆ. ಹೆಂಗಸರು ಕೊಡ ತಂದು ಕಾಲಿಗೆ ನೀರು ಸುರಿದರು. ಕೆಸರಾಗಿ ಅವನು ಜಾರಿದರೆ, "ಮೈಮ್ಯಾಲ ಬಂತು!" ಎಂದು ಕೈ ಮುಗಿದರು.

"ಏ, ಇದು ಹರಕಿ ಅಲ್ರಪಾ! ಸೊಂಟಕ್ಕ ಮಾಡಾಕತ್ತೀನಿ. ಚೀನಾದ ಪದ್ಧತಿ!"

ಕುರಿ ಹೊಡೆದುಕೊಂಡು ಬಂದಿದ್ದ ಮುದುಕ ಬೂದೆಪ್ಪ ನಕ್ಕ. "ಕೇಳಿದ್ರ್ಯಾ? ಹರಕಿ ಹೊತ್ತವರು ಬಾಯಿ ಬಿಟ್ಟು ಹೇಳಬಾರದು. ಅದಕ್ಕ ಏನೇನೋ ಅಂತಾರ. ಖರೇ ಭಕ್ತರು ನೋಡ್ರಪಾ."

ಮಹಾಂತಯ್ಯ ಸಿಟ್ಟಿನಿಂದ ಮನೆಯ ಕಡೆಗೆ ಹೆಜ್ಜೆ ಎತ್ತಿದ.

"ಯಪ್ಪಾ, ಹೊಳ್ಳಿ ಬರಬ್ಯಾಡ್ರಿ!" ಬೂದೆಪ್ಪ ಕೋಲು ಅಡ್ಡ ಹಿಡಿದ. "ಹರಕಿ ಮುರದ್ರ ಕಾಲುವಿ ನೀರು ನಮ್ಮ ಹೊಲಕ್ಕ ಮುಟ್ಟಂಗಿಲ್ಲ. ಊರ ಹಾಳ ಮಾಡ್ತೀರೇನು?"

ಕಾಲುವೆಯ ನೀರು ಎಂಜಿನಿಯರನ ಮರ್ಜಿಯಲ್ಲಿತ್ತು. ಆದರೆ ಎಂಜಿನಿಯರ್ ಸಿಗುವವನಲ್ಲ, ಮಹಾಂತಯ್ಯ ಸಿಕ್ಕಿದ್ದ. ನಾಕು ಜನ ಹುಡುಗರು ಕೋಲು ಹಿಡಿದು ಅವನ ಮುಂದೆ ಸಾಲಾಗಿ ನಿಂತರು. ನಡೆಯದೆ ಉಪಾಯವಿರಲಿಲ್ಲ.

ಆಗ ಸೈಕಲ್ ತುಳಿಯುತ್ತ ದಸ್ತಗೀರ್ ಬಂದ. ಮಹಾಂತಯ್ಯನಿಗೆ ಹೋದ ಜೀವ ಬಂತು.

"ದಸ್ತಗೀರ್, ನೀನಾರ ಹೇಳೋ ಇವರಿಗೆ! ಇದು ಚೀನಾದ್ದು ಹೌದಲ್ಲೋ?"

ದಸ್ತಗೀರ್ ಗುಂಪು ನೋಡಿದ, ಕೋಲುಗಳನ್ನು ನೋಡಿದ. "ಚೀನಾ? ನಾ ಎಲ್ಲಿ ಹೋಗೀನ್ರಿ ಚೀನಾಕ್ಕ? ಬಂದರದಾಗ ಈರುಳ್ಳಿ ಹೆಚ್ಚೀನಿ ಅಷ್ಟ. ತಾತನ ಹರಕಿ ಮ್ಯಾಲ ನಂದೂ ಭಕ್ತಿ ಅದರಿ" ಎಂದು ಸೈಕಲ್ ಇಳಿದು ಎಲ್ಲರಿಗಿಂತ ಮುಂದೆ ಕೈ ಮುಗಿದ. ಹತ್ತು ವರ್ಷ ಕಟ್ಟಿದ ಪಾಂಡಿತ್ಯವನ್ನು ಒಂದೇ ಕ್ಷಣದಲ್ಲಿ ಬಿಟ್ಟುಕೊಟ್ಟ. ಜಾಣರ ಲಕ್ಷಣವೇ ಅದು.

ಮುಂದೆ ನಡೆದದ್ದು ಜಾತ್ರೆಯಲ್ಲ, ಜಾತ್ರೆಗಿಂತ ಹೆಚ್ಚಿನದು. ಹರಕೆಯವನು ದಾಟಿದರೆ ರೋಗ ಹೋಗುತ್ತದೆಂದು ಮಂದಿ ದಾರಿಗೆ ಅಡ್ಡ ಮಲಗಿದರು. ಬೆನ್ನಿಗೆ ಕಣ್ಣಿಲ್ಲದ ಮಹಾಂತಯ್ಯ ಅವರನ್ನು ದಾಟುವುದು ಹೇಗೆ? ಬೂದೆಪ್ಪನ ಹೊಟ್ಟೆಯ ಮೇಲೆಯೇ ಕಾಲಿಟ್ಟ. ಬೂದೆಪ್ಪ "ಹುಕ್" ಎಂದು ಎದ್ದು ಕುಂತು, ದೊಡ್ಡದೊಂದು ತೇಗು ತೇಗಿ, "ತಿಂಗಳಿಂದ ಹಿಡದಿದ್ದ ವಾಯು ಹೋತ್ರಪೋ!" ಎಂದು ಕೂಗಿದ. ಆಮೇಲೆ ಕೇಳಬೇಕೆ? ರಾಯಚೂರಿನ ಬಸ್ಸು ನಿಲ್ಲಿಸಿ ಇಳಿದವರೂ ಮಲಗಿದರು. ದಾಟಿಸಿಕೊಂಡವರಿಗಿಂತ ತುಳಿಸಿಕೊಂಡವರೇ ಪುಣ್ಯವಂತರೆಂದು ತೀರ್ಮಾನವಾಯಿತು.

ದೂರದಲ್ಲಿ ಗಿರಣಿಯ ಚಿಮಣಿ ಕಾಣುತ್ತಿತ್ತು. ಒಂದೊಂದು ಹೆಜ್ಜೆಗೂ ಅದು ಸಣ್ಣದಾಗುತ್ತ ಹೋಯಿತು. ತನ್ನ ಗಾದಿ ತನ್ನಿಂದ ದೂರ ಸರಿಯುವುದನ್ನು ಕಣ್ಣಾರೆ ನೋಡುತ್ತ ನಡೆಯುವ ಭಾಗ್ಯ ಎಷ್ಟು ಜನಕ್ಕಿದೆ? ಗಿರಣಿಯ ಹತ್ತು ಗಂಟೆಯ ಭೋಂಗಾ ಕೂಗಿದಾಗ ಮಹಾಂತಯ್ಯನ ಕಣ್ಣಲ್ಲಿ ನೀರು ಬಂತು. ಹೆಂಗಸರು ಅದನ್ನೂ ಭಕ್ತಿಯ ಲೆಕ್ಕಕ್ಕೆ ಬರೆದುಕೊಂಡರು.

ಗದ್ದುಗೆ ಮುಟ್ಟಿದಾಗ ಹೊತ್ತು ನೆತ್ತಿಗೇರಿತ್ತು. ಬೆನ್ನು ಕಟ್ಟೆಗೆ ತಾಗಿ ಮಹಾಂತಯ್ಯ ಕುಸಿದು ಕುಂತ. ಅಷ್ಟರಲ್ಲಿ ಧೂಳೆಬ್ಬಿಸುತ್ತ ಸಾವ್ಕಾರನ ಜೀಪು ಬಂತು. ಶರಣಯ್ಯ ಇಳಿದ, ಹಿಂದೆಯೇ ಅಮರಯ್ಯ ಎಲೆ ಅಡಿಕೆ ಜಗಿಯುತ್ತ ಇಳಿದ.

"ಹತ್ತು ಗಂಟೆಕ್ಕ ಬಾ ಅಂದ್ರ ಇಲ್ಲಿ ಕುಂತೀಯೇನಲೇ? ಏನಿದು ನಾಟಕ?"

ಮಹಾಂತಯ್ಯ ಅಮರಯ್ಯನ ಜಗಿಯುವ ಬಾಯಿ ನೋಡಿದ. ಮುಂಜಾನೆಯಿಂದ ಸತ್ಯ ಹೇಳಿ ಹೇಳಿ ಗಂಟಲು ಒಣಗಿತ್ತು, ಒಬ್ಬರೂ ನಂಬಿರಲಿಲ್ಲ. ಸುಳ್ಳಾದರೂ ಗಾದಿ ಉಳಿಸೀತೆಂದು ಎರಡೂ ಕೈ ಮುಗಿದ.

"ಸಾವ್ಕಾರ್ರ, ನಿಮ್ಮ ಗಿರಣಿ ಸಲುವಾಗೇ ಹರಕಿ ಹೊತ್ತಿದ್ದೆ. ಅದು ನೂರು ವರ್ಷ ನಡೀಲಿ ಅಂತ ಮನಿಯಿಂದ ಹಿಂದಕ್ಕ ನಡದು ಬಂದೀನಿ."

ಶರಣಯ್ಯನ ಸಿಟ್ಟು ಇಳಿಯಿತು, ಕಣ್ಣು ತುಂಬಿತು. ಮುಂಡಾಸು ತೆಗೆದು, ಕೆಸರು ಮೆತ್ತಿದ ಆ ಊದಿದ ಕಾಲಿಗೆ ಅಡ್ಡಬಿದ್ದ.

"ತಪ್ಪಾತ್ರಿ ಮಾಂತಯ್ಯನವರ! ನನ್ನ ಗಿರಣಿಗಾಗಿ ಇಷ್ಟು ಕಷ್ಟಪಟ್ಟೀರಿ, ನಾ ನಿಮಗ ಲೇ ಅಂದೆ!"

ಮಹಾಂತಯ್ಯ ಗೆದ್ದೆನೆಂದು ಎದ್ದು ನಿಂತ. ಎದ್ದು ನಿಂತ ಮೇಲೆ ಗೊತ್ತಾಯಿತು, ಸೊಂಟ ನೋಯುತ್ತಿಲ್ಲ. ವಾಲಿಲ್ಲ, ಬಾಗಿಲ್ಲ. ಚೀನಾದವರು ಸುಳ್ಳರಲ್ಲ, ದಸ್ತಗೀರನೊಬ್ಬನೇ ಸುಳ್ಳ. ಹಿಗ್ಗಿನಿಂದ ಹೇಳಿದ, "ಅದೇನ್ ದೊಡ್ಡದ್ರಿ ಸಾವ್ಕಾರ್ರ. ಸೊಂಟಾನೂ ನೆಟ್ಟಗಾತು. ಜೀಪಿನ್ಯಾಗ ಕರ್ಕೊಂಡು ನಡೀರಿ, ಈಗ ಹೋಗಿ ಗಾದಿ ಮ್ಯಾಲ ಕುಂದರ್ತೀನಿ."

ಶರಣಯ್ಯ ಎರಡೂ ಕೆನ್ನೆ ಬಡಿದುಕೊಂಡ.

"ಶಿವಶಿವಾ! ಏನ್ ಮಾತಾಡ್ತೀರಿ? ಗಾದಿ ಮ್ಯಾಲ ಏನೇನ್ ಬರೀಬೇಕಾಗ್ತದ ಅಂಬೂದು ನಿಮಗ ಗೊತ್ತಿಲ್ಲೇನು?" ಕಿವಿಯ ಹತ್ತಿರ ಬಂದು ದನಿ ತಗ್ಗಿಸಿದ. "ಇಂಥಾ ಹರಕಿ ಮುಟ್ಟಿಸಿದ ಕೈಲೆ ಆ ಸುಳ್ಳು ತೂಕ ಬರಸಿದ್ರ ತಾತ ನನ್ನ ಸುಟ್ಟು ಬೂದಿ ಮಾಡ್ತಾನ. ಆ ಪಾಪದ ಕೆಲಸಕ್ಕ ಪಾಪಿಗೋಳ ಬೇಕ್ರಿ. ಅಮರಯ್ಯ ಅದಾನ. ನೀವು ಅಮಾಸಿಗೊಮ್ಮೆ ಬರ್ರಿ, ಗಿರಣಿ ಸುತ್ತ ಹಿಂದಕ್ಕ ಒಂದು ಪ್ರದಕ್ಷಿಣಿ ಹಾಕ್ರಿ, ಪ್ರಸಾದ ತಗೊಂಡು ಹೋಗ್ರಿ. ನೂರು ವರ್ಷ ನಡೀಬೇಕಲ್ಲ ಗಿರಣಿ?"

ಮಹಾಂತಯ್ಯನಿಗೆ ಇದು ಚೀನಾದ ಪದ್ಧತಿ ಎಂದು ಕೂಗಬೇಕೆನಿಸಿತು. ಕೂಗಿದರೆ ಸಾವ್ಕಾರನ ಕಾಲಿನ ಒದೆ, ಮಂದಿಯ ಕೋಲಿನ ಏಟು ಎರಡೂ ಮೈಮೇಲೆ ಬೀಳುತ್ತಿದ್ದವು. ಅಮರಯ್ಯ ಎಲೆ ಅಡಿಕೆ ಉಗುಳಿ, ಮೊದಲ ಸಲ ಕೆಲಸವೊಂದಕ್ಕಾಗಿ ಜೀಪು ಹತ್ತಿದ. ಹರಕೆಯವರು ವಾಹನ ಹತ್ತಬಾರದೆಂದು ಬೂದೆಪ್ಪ ಹೇಳಿದ್ದರಿಂದ ಜೀಪು ಮಹಾಂತಯ್ಯನನ್ನು ಬಿಟ್ಟೇ ಹೋಯಿತು.

ಸಂಜೆ ನಡೆದುಕೊಂಡು ಓಣಿಗೆ ಬಂದಾಗ ಮನೆ ಮುಂದೆ ಸಾಲು ಕುಂತಿತ್ತು. ವಾಯು ಹಿಡಿದವರು, ಸೊಂಟ ಹಿಡಿದವರು, ಅಳುವ ಕೂಸುಗಳನ್ನು ಹೊತ್ತ ತಾಯಂದಿರು. ನೀಲಗಂಗಮ್ಮನೂ ಇದ್ದಳು. ಅಂಬಮ್ಮ ಹೊಸ್ತಿಲ ಒಳಗೆ ಸೆರಗು ಹೊದ್ದು ನಿಂತಿದ್ದಳು.

"ಸೊಂಟ ಗುಣ ಆತೇನ್ರಿ?" ಎಂದು ಮೆಲ್ಲಗೆ ಕೇಳಿದಳು.

"ಆತು."

"ಹಂಗಾರ ಗಾದಿ?"

"ಹೋತು." ಮಹಾಂತಯ್ಯನ ದನಿ ಒಡೆಯಿತು. "ನಾಳಿಗೆ ಒಲಿ ಹ್ಯಾಂಗ ಹಚ್ಚತೀಯೇ ಅಂಬವ್ವಾ?" ಎನ್ನುತ್ತ ಹೊಸ್ತಿಲ ಮೇಲೆ ಕಾಲಿಡಲು ಹೋದ.

ಅಂಬಮ್ಮ ಗಾಬರಿಯಿಂದ ಕೈ ಅಡ್ಡ ಹಿಡಿದಳು.

"ಅದನ್ನ ಆಮ್ಯಾಲ ನೋಡೂಣು. ಮದಲ ಹೊಳ್ಳಿ ನಿಂತು ಹಿಂದಕ್ಕ ಒಳಗ ಬರ್ರಿ. ಮಂದಿ ನೋಡಾಕತ್ತದ!"