ನಾನು ಹೊಳೆ ಕಾದ ಸಂಕ್ರಾಂತಿ

ಬಟ್ಟೆಯ ವಿಷಯದಲ್ಲಿ ನಾನು ಎಡವುವುದುಂಟೇ? ಹಿರೇಹಡಗಲಿಯಲ್ಲಿ ಬಟ್ಟೆ ಅಂಗಡಿ ಇಟ್ಟುಕೊಂಡವನು ನಾನು. ಗಿರಾಕಿ ಮೆಟ್ಟಿಲು ಹತ್ತುವಷ್ಟರಲ್ಲಿ ಅವನ ಸೊಂಟದ ಅಳತೆ, ಜೇಬಿನ ಅಳತೆ ಎರಡನ್ನೂ ಹೇಳಬಲ್ಲೆ. ಆದ್ದರಿಂದ ಹೊಳೆಗೆ ಬೀಳುವ ಬಟ್ಟೆಗಳನ್ನು ತಡೆಯುವ ಮಹತ್ಕಾರ್ಯಕ್ಕೆ ಈ ತಾಲೂಕಿನಲ್ಲಿ ನನಗಿಂತ ಯೋಗ್ಯ ಮನುಷ್ಯ ಇಲ್ಲವೆಂದು ಪ್ರಾಮಾಣಿಕವಾಗಿ ನಂಬಿದ್ದೆ.

ನನ್ನ ಮನೆ ಇರುವುದು ತುಂಗಭದ್ರೆಯ ದಂಡೆಯ ಊರಿನಲ್ಲಿ. ಹೊಳೆಯಲ್ಲಿ ಮುಳುಗಿ ಎದ್ದವರು ಉಟ್ಟ ಬಟ್ಟೆಯನ್ನು ಅಲ್ಲೇ ಬಿಟ್ಟು ಬಂದರೆ ಪೀಡೆ ಬಿಡುತ್ತದೆಂದು ನಮ್ಮ ಕಡೆ ನಂಬಿಕೆ. ಪೀಡೆ ಬಿಡುತ್ತದೋ ಇಲ್ಲವೋ, ಬಟ್ಟೆಯಂತೂ ಹೊಳೆಯನ್ನು ಬಿಡುವುದಿಲ್ಲ. ಕಲ್ಲಿಗೆ, ಜಾಲಿ ಬೇರಿಗೆ ಸುತ್ತಿಕೊಂಡು ಅಲ್ಲೇ ಸಂಸಾರ ಹೂಡುತ್ತದೆ. ಹೋದ ಕಾರ್ತಿಕದಲ್ಲಿ ಒಂದು ಬೆಳಿಗ್ಗೆ, ಹರಿಗೋಲು ಹಾಕಿ ಮೀನು ಹಿಡಿಯುವ ಹನುಮವ್ವ ನನ್ನನ್ನು ಕೂಗಿ ಕರೆದಳು. ನೀರುನಾಯಿಯ ಮರಿಯೊಂದು ಹಳೆಯ ಸೀರೆಯ ಸೆರಗಿಗೆ ಕಾಲು ಸಿಕ್ಕಿಸಿಕೊಂಡು ಒದ್ದಾಡುತ್ತಿತ್ತು. ತಾಯಿ ಸುತ್ತ ಈಜುತ್ತ ಸಿಳ್ಳೆ ಹಾಕಿದಂತೆ ಕೂಗುತ್ತಿತ್ತು. ಹನುಮವ್ವ ಚಾಕುವಿನಿಂದ ಸೆರಗು ಕೊಯ್ದು ಮರಿಯನ್ನು ಬಿಡಿಸಿದಳು. ನನಗೆ ಬಹಳ ಸಂಕಟವಾಯಿತು. ಸೀರೆ ನಮ್ಮ ಅಂಗಡಿಯದೇ ಎಂದು ಬಾರ್ಡರ್ ನೋಡಿ ಗೊತ್ತಾದ ಮೇಲೆ ಇನ್ನೂ ಸಂಕಟವಾಯಿತು.

"ಇನ್ನೂ ಮರಿ ಅದಾವ್ರಿ ಆ ಕಲ್ಲಿನ ಸಂದ್ಯಾಗ," ಎಂದಳು ಹನುಮವ್ವ. "ಸಂಕ್ರಾಂತಿಗೆ ಮಂದಿ ಬಂದು ಮತ್ತ ಬಟ್ಟಿ ಬಿಟ್ರ ನನ್ನ ಬಲೀನೂ ಹರೀತೈತಿ, ಅವೂ ಉಳಿಯಂಗಿಲ್ಲ."

ನಾನು ನೇರವಾಗಿ ಕೊಟ್ರಬಸಪ್ಪಜ್ಜನ ಬಳಿ ಹೋದೆ. ಆತ ದೇವಸ್ಥಾನದ ಹಿರಿಯ. ಹೊಳೆಯ ಸ್ನಾನ, ಪೂಜೆ ಯಾವುದಿದ್ದರೂ ನಮ್ಮೂರಲ್ಲಿ ಆತನ ಮಾತೇ ಕೊನೆ. ಅಜ್ಜ ಮೀಸೆ ತಿರುವಿದ.

"ಈ ಸಂಕ್ರಾಂತಿ ಒಂದ್ಸಲ ನೋಡೂಣು ಈರಣ್ಣ. ಹೊಳಿಗೆ ಯಾರೂ ಬಟ್ಟಿ ಬಿಡಬ್ಯಾಡ್ರಿ ಅಂತ ಹೇಳ್ತೀನಿ. ಆದ್ರ ಮಂದಿಗೆ ತ್ರಾಸ ಆತು ಅಂತ ಒಂದ ಒಂದು ತಕರಾರು ಬಂದ್ರ, ಹಳೇ ಪದ್ಧತಿನ ಖಾಯಂ. ಮತ್ತ ಈ ಮಾತು ಎತ್ತಂಗಿಲ್ಲ."

ಅಂದಿನಿಂದ ನನ್ನ ನಿದ್ದೆ ಹಾರಿಹೋಯಿತು. ಯಾರಾದರೂ ಮುನಿಸಿಕೊಂಡರೆ? ಯಾರಿಗಾದರೂ ಪೀಡೆ ಬಿಡದೆ ಅದನ್ನು ನನ್ನ ತಲೆಗೆ ಕಟ್ಟಿದರೆ? ಒಂದು ತಕರಾರು ಬಂದರೂ ಆ ಮರಿಗಳ ಕಥೆ ಮುಗಿದಂತೆ. ರಾತ್ರಿಯಿಡೀ ಹೊರಳಾಡುವುದನ್ನು ನೋಡಿ ಹೆಂಡತಿ ಶಾರದೆ ಹೇಳಿದಳು: "ನೀರುನಾಯಿನೂ ಆರಾಮ ಮಲಗ್ಯಾವು. ನೀವೂ ಮಲಗ್ರಿ."

ಯೋಜನೆ ಮಾತ್ರ ಅಚ್ಚುಕಟ್ಟಾಗಿತ್ತು. ದಂಡೆಯ ಚಪ್ಪಟೆ ಬಂಡೆಯ ಮೇಲೆ ಲಾರಿಗೆ ಹೊದಿಸುವ ತಾಡಪತ್ರಿ ಹಾಸುವುದು. ಬಿಡುವ ಬಟ್ಟೆಯನ್ನು ಜನ ಅಲ್ಲಿ ಹಾಕುವುದು. ನಾನು ಮೂಟೆ ಕಟ್ಟುವುದು. ರಾಜಾಸಾಬ ತನ್ನ ಗೂಡ್ಸ್ ಆಟೋದಲ್ಲಿ ಹಗರಿಬೊಮ್ಮನಹಳ್ಳಿಯ ಹಳೇ ಬಟ್ಟೆ ವ್ಯಾಪಾರಿಗೆ ಮುಟ್ಟಿಸುವುದು. ಹಬ್ಬದ ಹಿಂದಿನ ದಿನ ಮೈಕಿನಲ್ಲಿ ಸಾರಿಸಿಯೂ ಬಿಟ್ಟೆ: "ಸಮಸ್ತ ಭಕ್ತಾದಿಗಳು ಹೊಳೆಗೆ ಬಟ್ಟೆ ಬಿಡಕೂಡದು. ಬಂಡೆಯ ಮೇಲೆ ಈರಣ್ಣ ಕುಳಿತಿರುತ್ತಾನೆ. ಬಟ್ಟೆಗಳನ್ನು ಅವನ ಸುಪರ್ದಿಗೆ ಒಪ್ಪಿಸತಕ್ಕದ್ದು." ಸರ್ಕಾರ ಕೂಡ ಇಷ್ಟು ಸ್ಪಷ್ಟವಾಗಿ ಆದೇಶ ಹೊರಡಿಸಲಾರದು ಎಂದು ನನಗೇ ನನ್ನ ಮೇಲೆ ಅಭಿಮಾನ ಬಂತು.

ಸಂಕ್ರಾಂತಿಯ ದಿನ ಹೊತ್ತು ಮೂಡುವ ಮೊದಲೇ ಹೋಗಿ ಕುಳಿತೆ. ಮೈಗೆ ಎಳ್ಳು ಹಚ್ಚಿಕೊಂಡ ಜನ ಬರತೊಡಗಿದರು. ತಾಡಪತ್ರಿ ಮಾತ್ರ ಖಾಲಿ. ನಾನು ಅದರ ಮೂಲೆಗಳನ್ನು ಎಳೆದೆಳೆದು ಸರಿಮಾಡಿದೆ. ಆಗ ಕೊಟ್ರಬಸಪ್ಪಜ್ಜ ಬಂದ. ಹೊಸ ಪಂಚೆ, ಅಂಗಿ, ಶಾಲು ಕಳಚಿ, ನೀಟಾಗಿ ಮಡಿಸಿ ತಾಡಪತ್ರಿಯ ಮೇಲಿಟ್ಟ. "ನಿನ್ನ ಮ್ಯಾಲೆ ಭಾರ ಹಾಕೀನಿ ಈರಣ್ಣ," ಎಂದು ಲಂಗೋಟಿಯಲ್ಲಿ ನೀರಿಗೆ ನಡೆದ.

ನನ್ನ ಕಣ್ಣು ತುಂಬಿ ಬಂತು. ಊರಿಗೆ ಮಾದರಿಯಾಗಲೆಂದು ಹಿರಿಯ ಜೀವ ಹೊಸ ಪಂಚೆಯನ್ನೇ ಬಿಟ್ಟುಕೊಟ್ಟಿದೆ! ಅಜ್ಜನನ್ನು ನೋಡಿ ಉಳಿದ ಗಂಡಸರೂ ಸಾಲಾಗಿ ಬಂದರು. ಪ್ಯಾಂಟು, ಅಂಗಿ, ಸ್ವೆಟರು ಎಲ್ಲ ಬಂದು ಬಿದ್ದವು. ಹೆಂಗಸರ ಸ್ನಾನದ ಕಡೆಗೆ ಹೊರಟಿದ್ದ ಶಾರದೆ ರಾಶಿ ನೋಡಿ ನಿಂತಳು.

"ರೀ, ಇದು ಅಜ್ಜಾರು ಮೊನ್ನೆ ನಮ್ಮ ಅಂಗಡ್ಯಾಗ ತಗೊಂಡ ಪಂಚಿ ಅಲ್ಲೇನು? ಇನ್ನೂ ಒಂದು ನೀರೂ ಕಂಡಿಲ್ಲ."

"ತ್ಯಾಗ ಅಂದ್ರ ಹಂಗ ಇರ್ತೈತಿ," ಎಂದೆ ಗಂಭೀರವಾಗಿ. ಅವಳು ನನ್ನನ್ನೊಮ್ಮೆ, ರಾಶಿಯನ್ನೊಮ್ಮೆ ನೋಡಿ ಹೋದಳು.

ಈಗ ನನಗೆ ಬೇರೆಯೇ ಆತಂಕ. ಇಷ್ಟು ಒಳ್ಳೆಯ ಬಟ್ಟೆ ಕೊಟ್ಟವರು ಸ್ನಾನ ಮುಗಿಸಿ ಬಂದು ಮನಸ್ಸು ಬದಲಾಯಿಸಿದರೆ? ವಾಪಸು ಕೇಳುವ ಮೊದಲೇ ಗಾಡಿ ಹೊರಡಬೇಕು. ಗಡಿಬಿಡಿಯಲ್ಲಿ ಮೂಟೆ ತುಂಬಿ, ಬಾಯಿ ಕಟ್ಟಿ, ಆಟೋಗೆ ಹೇರಿದೆ. "ಊರ ಪೀಡಾ ಎಲ್ಲಾ ಇದರಾಗ ಐತಿ, ಹುಷಾರು," ಎಂದು ತಮಾಷೆ ಮಾಡಿ ರಾಜಾಸಾಬನನ್ನು ಕಳಿಸಿದೆ. ಆಟೋ ಕಣ್ಮರೆಯಾದ ಮೇಲೆಯೇ ನನಗೆ ಉಸಿರು ಬಂದದ್ದು.

ಸ್ವಲ್ಪ ಹೊತ್ತಿಗೆ ಅಜ್ಜ ದಂಡೆಯತ್ತ ಬಂದು ಸೊಂಟದ ಮಟ್ಟದ ನೀರಿನಲ್ಲಿ ನಿಂತ.

"ತಮ್ಮಾ, ಬಟ್ಟಿ ಕೊಡು."

"ಯಾವ ಬಟ್ಟಿ ಅಜ್ಜಾರ?"

"ಯಾವ ಬಟ್ಟಿ ಅಂದ್ರ? ಉಟ್ಕೊಳ್ಳಾಕ ನನ್ನ ಬಟ್ಟಿ. ಕಾಯಾಕಂತ ನೀ ಕುಂತಿದ್ದಿ, ನಿನ್ನ ಕೈಯಾಗ ಕೊಟ್ಟು ಹೋದೆ."

ತಣ್ಣೀರಿನಲ್ಲಿ ನಿಂತವನು ಅಜ್ಜ. ನಡುಗತೊಡಗಿದವನು ನಾನು. ಮೈಕಿನಲ್ಲಿ ಎಲ್ಲವನ್ನೂ ಸಾರಿಸಿದ್ದ ನಾನು, ಬಿಡುವ ಬಟ್ಟೆ ಮಾತ್ರ ಕೊಡಿ ಎಂಬುದನ್ನು ಸಾರಿಸಿರಲಿಲ್ಲ! ಊರಿನ ಗಂಡಸರೆಲ್ಲ ನನ್ನನ್ನು ಬಟ್ಟೆ ಕಾಯುವವನೆಂದು ತಿಳಿದಿದ್ದರು.

"ಅವು ಹಗರಿಬೊಮ್ಮನಹಳ್ಳಿಗೆ ಹೋಗ್ಯಾವ್ರಿ," ಎಂದೆ.

"ನಮ್ಮನ್ನ ಬಿಟ್ಟು?" ಎಂದ ಅಜ್ಜ.

ಮೇಲೆ ಬರುತ್ತಿದ್ದವರೆಲ್ಲ ಒಟ್ಟಿಗೆ ಮತ್ತೆ ನೀರಿಗಿಳಿದರು. ರಾಜಾಸಾಬ ಫೋನ್ ಎತ್ತಲಿಲ್ಲ. "ನನ್ನ ಫೋನಿಗೆ ಹಚ್ಚು, ಅಂಗಿ ಕಿಸೇದಾಗ ಐತಿ, ಅವಗ ಕೇಳಿಸ್ತೈತಿ," ಎಂದು ಅಜ್ಜ ನಂಬರು ಕೂಗಿದ. ಉಳಿದವರೂ ತಮ್ಮ ತಮ್ಮ ನಂಬರು ಕೂಗಿದರು. ನಾನು ಒಂದರ ಹಿಂದೆ ಒಂದಕ್ಕೆ ಕರೆ ಮಾಡುತ್ತಲೇ ಹೋದೆ. ಯಾರೂ ಎತ್ತಲಿಲ್ಲ. ಓಡಿ ಬಂದ ಶಾರದೆಗೆ ವಿಷಯ ಒದರಿ ಬೈಕ್ ಹತ್ತಿದೆ.

ಊರ ಹೊರಗಿನ ಹಳ್ಳದ ಸೇತುವೆಯ ಮೇಲೆ ಆಟೋ ನಿಂತಿತ್ತು. ಮೂಟೆಗಳಿರಲಿಲ್ಲ. ರಾಜಾಸಾಬ ಮುಖ ಬಿಳಿಚಿಕೊಂಡು ಗಾಡಿಯಿಂದ ಮಾರು ದೂರದಲ್ಲಿ ನಿಂತಿದ್ದ.

"ಅಣ್ಣಾ, ಮೂಟಿ ಮಾತಾಡಾಕ ಹತ್ತಿದ್ವು. ಒಂದ್ರಾಗ ಭಜನಿ, ಇನ್ನೊಂದ್ರಾಗ ಕೋಳಿ ಕೂಗು, ಮತ್ತೊಂದ್ರಾಗ ಕೂಸು ನಕ್ಕಂಗ ಆತು. ಊರ ಪೀಡಾ ಐತಿ ಅಂತ ನೀವ ಹೇಳಿದ್ರಿ. ಎಲ್ಲಾ ಕೆಳಗ ಒಗದೆ."

ಕೆಳಗೆ ಬಗ್ಗಿ ನೋಡಿದೆ. ಮೂಟೆಗಳು ಬಾಯಿಬಿಟ್ಟಿದ್ದವು. ಹೊಳೆಗೆ ಒಂದು ಚಿಂದಿಯೂ ಬೀಳಬಾರದೆಂದು ಪಣ ತೊಟ್ಟವನು, ಊರಿನ ಸಮಸ್ತ ಗಂಡಸರ ಬಟ್ಟೆಯನ್ನು ಒಂದೇ ಏಟಿಗೆ ನೀರಿಗೆ ಹಾಕಿಸಿದ್ದೆ. ಅದೂ ಎಂಥ ಹಳ್ಳಕ್ಕೆ? ನೀರುನಾಯಿಯ ಕಲ್ಲುಗಳ ಮೇಲುಗಡೆಯೇ ಹೊಳೆಗೆ ಸೇರುವ ಹಳ್ಳಕ್ಕೆ. ಅಜ್ಜನ ಶಾಲು ಆಗಲೇ ಅತ್ತ ಕಡೆಗೆ ಪ್ರಯಾಣ ಬೆಳೆಸಿತ್ತು. ನನಗೆ ಸೆರಗಿನಲ್ಲಿ ಒದ್ದಾಡುತ್ತಿದ್ದ ಆ ಮರಿಯ ನೆನಪಾಗಿ ಅಳುವೇ ಬಂತು. ಚಪ್ಪಲಿ ಸಮೇತ ಧುಮುಕಿದೆ. ಜಾಲಿಮುಳ್ಳು ಕೀಳುತ್ತ, ಕೆಸರಿನಲ್ಲಿ ಬೀಳುತ್ತ, ರಾಜಾಸಾಬನನ್ನೂ ಎಳೆದುಕೊಂಡು ಕೊನೆಯ ಕಾಲುಚೀಲದವರೆಗೆ ಹೆಕ್ಕಿದೆ. ಶಾಲನ್ನು ಮಾತ್ರ ಹಳ್ಳ ಹೊಳೆಗೆ ಸೇರುವಲ್ಲಿ ಹೋಗಿ ಹಿಡಿದೆ.

ದಂಡೆಗೆ ಮರಳಿದಾಗ ಕಂಡ ದೃಶ್ಯ ವೈರಿಗೂ ಬೇಡ. ಹಬ್ಬದ ವ್ಯಾಪಾರಕ್ಕೆಂದು ತರಿಸಿದ್ದ ಮಾಲು ನಮ್ಮ ಮನೆಯಲ್ಲಿತ್ತು. ಶಾರದೆ ಓಡಿಹೋಗಿ ಕೈಗೆ ಸಿಕ್ಕ ಗಂಟನ್ನು ತಂದು ಹಂಚಿದ್ದಳು. ಅದು ನೈಟಿಗಳ ಗಂಟು. ಊರಿನ ಗಂಡಸರೆಲ್ಲ ನೈಟಿ ತೊಟ್ಟು ಸಾಲಾಗಿ ಕುಳಿತಿದ್ದರು. ನಡುವೆ, ತಿಳಿನೀಲಿ ಬಣ್ಣದ ಗುಲಾಬಿ ಹೂವಿನ ನೈಟಿಯಲ್ಲಿ ಕೊಟ್ರಬಸಪ್ಪಜ್ಜ ಸಜ್ಜೆ ರೊಟ್ಟಿ ತಿನ್ನುತ್ತಿದ್ದ. ನನ್ನನ್ನು ನೋಡಿದ. ಇನ್ನೊಂದು ತುತ್ತು ಮುರಿದುಕೊಂಡ. ಬೈದಿದ್ದರೆ ಎಷ್ಟೋ ಸಮಾಧಾನವಾಗುತ್ತಿತ್ತು.

ಎಲ್ಲ ಮುಗಿಯಿತೆಂದು ಮನೆಯಲ್ಲಿ ಹೊದ್ದು ಮಲಗಿದೆ. ಕೆಲವು ದಿನ ಬಿಟ್ಟು ಅಜ್ಜ ದೇವಸ್ಥಾನಕ್ಕೆ ಕರೆಸಿದ. ತಲೆ ತಗ್ಗಿಸಿ ನಿಂತೆ.

"ಊರು ಊರೇ ತಕರಾರು ತಂದೈತಿ," ಎಂದ.

"ಹಂಗಾದ್ರ ಹಳೇ ಪದ್ಧತಿನ ಖಾಯಂ ಏನ್ರಿ?"

"ಬ್ಯಾಡ. ಹೊಳಿಗೆ ಬಟ್ಟಿ ಬಿಡಂಗಿಲ್ಲ ಅನ್ನೋದ ಖಾಯಂ. ನೀ ಮೈಕು, ತಾಡಪತ್ರಿ ಏನೂ ತರಬ್ಯಾಡ. ಅಮಾಸಿ ಜಳಕದ ದಿನ ಸುಮ್ಮನ ಬಂದು ದಂಡಿ ಮ್ಯಾಲೆ ನಿಂದ್ರು. ಅಷ್ಟ ಸಾಕು."

ಅಜ್ಜನ ಮನಸ್ಸೂ ಕರಗಿದೆ, ಊರಿಗೂ ನೀರುನಾಯಿಯ ಮೇಲೆ ಕನಿಕರ ಹುಟ್ಟಿದೆ ಎಂದು ನಾನು ಉಬ್ಬಿಹೋದೆ. ಅಮಾವಾಸ್ಯೆಯಂದು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೋಗಿ ನಿಂತೆ. ನನ್ನನ್ನು ಕಂಡದ್ದೇ ತಡ, ದಂಡೆಯ ಮೇಲಿದ್ದ ಬಟ್ಟೆಗಳೆಲ್ಲ ಸರಸರನೆ ಗಂಟಾದವು. ಗಂಟುಗಳು ತಲೆ ಏರಿದವು. ಗಂಡಸರ ಇಡೀ ದಂಡು ತಲೆಯ ಮೇಲೆ ಗಂಟು ಹೊತ್ತು ಹೊಳೆಗಿಳಿಯಿತು, ಒಂದು ಕೈಯಲ್ಲಿ ಗಂಟು ಹಿಡಿದೇ ಮುಳುಗು ಹಾಕಿತು, ಒದ್ದೆ ಬಟ್ಟೆಯನ್ನೂ ಹಿಂಡಿ ಕಂಕುಳಲ್ಲಿ ಅವುಚಿಕೊಂಡು ಮನೆಗೆ ನಡೆಯಿತು. ಹೊಳೆಯಲ್ಲಿ ಒಂದು ದಾರದೆಳೆಯೂ ಉಳಿಯಲಿಲ್ಲ. ಮರಿಗಳು ಕಲ್ಲಿನ ಮೇಲೆ ಹೊರಳಾಡಿ ಆಡುತ್ತಿವೆ ಎಂದು ಹನುಮವ್ವ ಹರಿಗೋಲಿನಿಂದಲೇ ಕೂಗಿ ಹೇಳಿದಳು.

ನನಗೆ ಸಂತೋಷವೇ ಆಯಿತು. ಹೋಗಲಿ, ಊರು ನನ್ನನ್ನು ಏನೆಂದು ತಿಳಿದರೂ ತಿಳಿಯಲಿ, ಮನೆಯಲ್ಲಾದರೂ ನನ್ನ ಮೇಲೆ ನಂಬಿಕೆ ಇದೆಯಲ್ಲ ಎಂದುಕೊಂಡು ಮರಳಲು ತಿರುಗಿದೆ. ಹೆಂಗಸರ ಕಡೆಯಿಂದ ಒಂದು ಸಾಲು ನೀರಿಗೆ ಹೊರಟಿತ್ತು. ಎಲ್ಲರಿಗಿಂತ ಮುಂದೆ, ತಲೆಯ ಮೇಲಿನ ಗಂಟನ್ನು ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದುಕೊಂಡು ನಡೆಯುತ್ತಿದ್ದವಳು ಶಾರದೆ.